ಮೂಲೇಲಿ ಕೂತ ಚುಕ್ಕಿ

ಸಂಖ್ಯಾಶಾಸ್ತ್ರದ ಕ್ಲಾಸಲ್ಲಿ ನಗೋಕೇನಿರುತ್ತೆ ಅಂತ ಜನ ಕೇಳ್ತಾರೆ. ಬಂದು ಕೂತಿದ್ರೆ ತಿಳೀತಿತ್ತು! ಎಪ್ಪತ್ತರ ದಶಕದ ಕೊನೇಲಿ ತುಮಕೂರಿನ ಒಂದು ಕಾಲೇಜಲ್ಲಿ ನಾನು ಹೊಸ ಲೆಕ್ಚರರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಬರೋ ಸಾಹೇಬ್ರು ಸಹಿ ಹಾಕಿದ್ರೆ ಉಂಟು, ಇಲ್ದಿದ್ರೆ ಗಂಟುಮೂಟೆ ಕಟ್ಟೋದೇ. ನನಗೆ ಮಾತ್ರ ಒಂಚೂರೂ ಭಯ ಇರಲಿಲ್ಲ.

೧. ಕಂಡಕ್ಟರ್ ಲೆಕ್ಕ

ಅವತ್ತಿನ ಪಾಠ ಇಷ್ಟೇ: ಒಂದು ಏರಿದ್ರೆ ಇನ್ನೊಂದೂ ಏರೋದು ಪಾಸಿಟಿವ್ ಸಂಬಂಧ, ಇನ್ನೊಂದು ಇಳಿದ್ರೆ ನೆಗೆಟಿವ್. ಗ್ರಾಫಲ್ಲಿ ಚುಕ್ಕಿಗಳು ಬಲಕ್ಕೆ ಹೋಗ್ತಾ ಹತ್ತುತ್ತವೋ ಇಳಿಯುತ್ತವೋ ನೋಡಿದ್ರೆ ಸಾಕು. "ಉದಾಹರಣೆ ಕೊಡ್ರೋ" ಅಂದೆ.

ದಿನಾ ಕುಣಿಗಲ್ಲಿಂದ ಬರೋ ಹುಡುಗ ಎದ್ದ. "ಬಸ್ಸಲ್ಲಿ ಜನ ಜಾಸ್ತಿ ಆದಷ್ಟೂ ಜಾಗ ಕಮ್ಮಿ ಮೇಡಂ, ಅದು ನೆಗೆಟಿವ್. ಜನ ಜಾಸ್ತಿ ಆದಷ್ಟೂ ಕಂಡಕ್ಟರ್ರು 'ಒಳಗೆ ಜಾಗ ಐತೆ, ನಡೀರಿ' ಅಂತ ಕೂಗೋದು ಜಾಸ್ತಿ. ಅದು ಪಾಸಿಟಿವ್!"

ಪುಸ್ತಕದ ಉದಾಹರಣೆ ಅವತ್ತೇ ಕೈಬಿಟ್ಟೆ.

೨. ತಲೆಕೆಳಗು

ಸಾಹೇಬ್ರಿಗೆ ತೋರಿಸೋಕೆ ದೊಡ್ಡ ಹಾಳೇಲಿ ಗ್ರಾಫ್ ಬರೆದೆ. ಅಡ್ಡಕ್ಕೆ ಕ್ಲಾಸಿಗೆ ಬಂದ ದಿನ, ಮೇಲಕ್ಕೆ ತಗೊಂಡ ಮಾರ್ಕ್ಸು, ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಗುಬ್ಬಿ ಕಡೆಯ ನಮ್ಮ ಅಟೆಂಡರ್ ಅದನ್ನ ತಲೆಕೆಳಗಾಗಿ ನೇತು ಹಾಕಿದ್ದ.

"ಏನಪ್ಪಾ ಇದು, ಉಲ್ಟಾ!" ಅಂದೆ.

ಅವನು ಕತ್ತು ಓರೆ ಮಾಡಿ ನೋಡಿದ. "ಬುಡಿ ಮೇಡಂ, ಹೆಂಗ್ ಹಾಕಿದ್ರೂ ಚುಕ್ಕಿ ಮೇಲಕ್ಕೇ ಹತ್ತತವೆ."

ಅಯ್ಯೋ, ಹೌದಲ್ಲ! ಎಂ.ಎಸ್ಸಿ. ಮಾಡಿದ ನನಗೇ ಹೊಳೆದಿರಲಿಲ್ಲ. "ಅಕ್ಷರ ಓದೋಕೆ ಸಾಹೇಬ್ರು ಶೀರ್ಷಾಸನ ಹಾಕಬೇಕಲ್ಲಪ್ಪಾ" ಅಂತ ತಿರುಗಿಸಿ ಹಾಕಿಸಿದೆ.

೩. ಇದ್ಯಾರು?

ಸಾಹೇಬ್ರು ಬಂದ್ರು. ಪ್ರಿನ್ಸಿಪಾಲರು ಪಕ್ಕದಲ್ಲೇ ನಿಂತ್ರು. "ನೋಡಿ ಸಾರ್, ಕ್ಲಾಸಿಗೆ ಬಂದಷ್ಟೂ ಮಾರ್ಕ್ಸು ಜಾಸ್ತಿ" ಅಂತ ಎದೆಯುಬ್ಬಿಸಿ ಹೇಳಿದೆ.

ಸಾಹೇಬ್ರ ಬೆರಳು ಸೀದಾ ಬಲಗಡೆ ಕೆಳಮೂಲೆಗೆ ಹೋಯ್ತು. ಅಲ್ಲೊಂದು ಚುಕ್ಕಿ ಒಂಟಿಯಾಗಿ ಕೂತಿತ್ತು. "ಇದ್ಯಾರಮ್ಮಾ? ಒಂದು ದಿನಾನೂ ತಪ್ಪಿಸಿಲ್ಲ, ಮಾರ್ಕ್ಸು ಎಲ್ಲರಿಗಿಂತ ಕಮ್ಮಿ! ನಿಮ್ಮ ಪಾಠ ಕೇಳೀ ಕೇಳೀ ಹಿಂಗಾದ್ನಾ?"

ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ಹೇಳಿದ್ರೆ ಕೆಲಸ ಹೋಗುತ್ತೆ, ಹೇಳದಿದ್ರೂ ಹೋಗುತ್ತೆ.

ಪ್ರಿನ್ಸಿಪಾಲರು ಕೆಮ್ಮಿದ್ರು. "ಪಾಠದಲ್ಲಿ ದೋಷ ಇಲ್ಲ ಸಾರ್. ದಿನಾ ಕಿವಿ ಹಿಡಿದು ಕ್ಲಾಸಲ್ಲಿ ಕೂರಿಸೋನು ನಾನೇ. ಅದು... ನಮ್ಮನೆ ಚುಕ್ಕಿ."

ಸಾಹೇಬ್ರು ಅವರ ಮುಖ ನೋಡಿದ್ರು, ಗ್ರಾಫ್ ನೋಡಿದ್ರು. ಪೆನ್ ತೆಗೆದು ನನ್ನ ಕಾಗದಕ್ಕೆ ಸಹಿ ಹಾಕ್ತಾ ಅಂದ್ರು: "ನಮ್ಮನೇಲಿ ಅಂಥವು ಎರಡಿವೆ ಬಿಡಿ."