ಅತ್ತಿಗೆಯ ಹೂಂ

ನಮ್ಮ ಅತ್ತಿಗೆ ಬಾಯಲ್ಲೇ ತುತ್ತೂರಿ ಊದುತ್ತಾಳೆ, ಬಾಸ್ ಗಿಟಾರ್ ಮೀಟುತ್ತಾಳೆ, ಡ್ರಮ್ಮನ್ನೂ ಬಾರಿಸುತ್ತಾಳೆ. ಆದರೆ ನೆಟ್ಟಗೆ 'ಹೌದು' ಎನ್ನಲು ಅವಳಿಗೆ ಬರುವುದಿಲ್ಲ ಎಂದರೆ ನಂಬುತ್ತೀರಾ?

ಅವಳು ಸ್ವೀಡನ್ನಿನ ಉತ್ತರದ ತುದಿಯ ಕಡೆಯವಳು. ಆ ಕಡೆಯವರು 'ಹೌದು' ಎನ್ನಬೇಕಾದಾಗ ಬಾಯಿ ಬಿಟ್ಟು ಹೇಳುವುದಿಲ್ಲ, ತುಟಿ ಮುಂದೆ ಮಾಡಿ ಉಸಿರನ್ನು 'ಶ್ಶುಪ್' ಎಂದು ಒಳಗೆಳೆದುಕೊಳ್ಳುತ್ತಾರೆ. ಅಷ್ಟೇ, ಒಪ್ಪಿಗೆ ಕೊಟ್ಟಾಯಿತು! ಅಣ್ಣ ಇವಳನ್ನು ಮದುವೆಯಾಗುವ ಮುಂಚೆ ಮೈಸೂರಿನಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದ. ಊಟ ಆಯಿತೇ ಎಂದು ಅಮ್ಮ ಅಣ್ಣನ ಬಾಯಲ್ಲಿ ಕೇಳಿಸಿದಳು. ಶ್ಶುಪ್. ಆರೋಗ್ಯವೇ? ಶ್ಶುಪ್. ನಮ್ಮ ಹುಡುಗ ಒಪ್ಪಿಗೆಯೇ? ಎರಡು ಸಲ ಶ್ಶುಪ್. ಅಮ್ಮನ ಮುಖ ಸಣ್ಣಗಾಯಿತು. ಅತ್ತಿಗೆ ಅತ್ತ ಹೋದ ಮೇಲೆ ದನಿ ತಗ್ಗಿಸಿ ಹೇಳಿದಳು: "ಹುಡುಗಿಗೆ ಉಬ್ಬಸ ಇದೆ ಕಣೋ. ಅವರ ಮನೆಯವ್ರು ನಿನ್ ಹತ್ರ ಮುಚ್ಚಿಟ್ಟಿದ್ದಾರೆ."

ಮುಂದಿನ ಪಾರ್ಸೆಲಿನಲ್ಲಿ ಉಬ್ಬಸಕ್ಕೆಂದು ಆಡುಸೋಗೆ ಕಷಾಯದ ಪುಡಿ ಬಂತು. ಮದುಮಗಳು ಕುಡಿಯಬೇಕಾದ ನಮ್ಮ ಕಡೆಯ ಸಂಪ್ರದಾಯವಿರಬೇಕೆಂದು ಅತ್ತಿಗೆ ಅದನ್ನು ಕಣ್ಣು ಮುಚ್ಚಿಕೊಂಡು ಕುಡಿದು ಮುಗಿಸಿದಳು.

ನಾನೂ ಆಗ ಕೆಲಸದ ಮೇಲೆ ಅಣ್ಣನಿದ್ದ ಗೋಥೆನ್‌ಬರ್ಗಿಗೆ ಬಂದು ಲಿಂಡ್‌ಹೋಲ್ಮೆನ್ ಬಡಾವಣೆಯ ಆಫೀಸಿಗೆ ಹೋಗುತ್ತಿದ್ದೆ. ಹೋದ ದಶಕದ ನಡುವಿನ ಮಾತಿದು. ಅತ್ತಿಗೆಯನ್ನು ಮೊದಲ ಸಲ ಕಂಡಾಗ ಮರ್ಯಾದೆಯಿಂದ 'ನೀವು' ಎಂದೆ. ಅಣ್ಣ ಕಲಿಸಿದ ನಾಲ್ಕು ಕನ್ನಡ ಮಾತಿನಲ್ಲಿ 'ನೀವು' ಎಂದರೆ ಬಹಳ ಜನ ಎಂದು ಅವಳು ತಿಳಿದಿದ್ದಳು. ಹಿಂದೆ ಇನ್ಯಾರು ಬಂದಿದ್ದಾರೆಂದು ತಿರುಗಿ ನೋಡಿದಳು. ಅಂದಿನಿಂದ ಏಕವಚನ.

ಅವಳ ಉದ್ಯೋಗ ಏನೆಂದು ಆಫೀಸಿನ ಕನ್ನಡದವರು ಕೇಳಿದರೆ ನನಗೆ ಬೆವರುತ್ತಿತ್ತು. ಐದು ಜನ ಸೇರಿ ಜಾಝ್ ಹಾಡುತ್ತಾರೆ, ವಾದ್ಯ ಇಲ್ಲ, ಎಲ್ಲ ಬಾಯಲ್ಲೇ. ಪಕ್ಕವಾದ್ಯದವರು ಸಿಗಲಿಲ್ಲವೇ ಎಂದು ಒಬ್ಬರು ಮರುಕದಿಂದ ಕೇಳಿದ್ದೂ ಉಂಟು. ಚರ್ಚುಗಳಲ್ಲಿ, ಶಾಲೆಗಳಲ್ಲಿ, ಹಡಗಿನ ಡೆಕ್ಕಿನ ಮೇಲೆ, ಶೋವ್ಡೆ ಎಂಬ ಊರಿನಲ್ಲಿ ಯಾವುದೋ ಅಂಗಡಿ ತೆರೆಯುವ ದಿನ ರಿಬ್ಬನ್ನಿನ ಪಕ್ಕದಲ್ಲಿ, ಎಲ್ಲೆಂದರಲ್ಲಿ ಹಾಡುತ್ತಿದ್ದರು. ನನಗೆ ಗಾಬರಿ ಹುಟ್ಟುಗುಣ. ಅವಳು ಹಾಡಲು ನಿಂತರೆ ನಾನು ಕೊನೆಯ ಸಾಲಿಗೆ ಸರಿಯುತ್ತಿದ್ದೆ.

ಅಮ್ಮ ಬೇಸಿಗೆಗೆಂದು ಬಂದಾಗ ಒಂದು ಕಛೇರಿಗೆ ಕರೆದೊಯ್ದೆವು. ಅತ್ತಿಗೆ ಟ್ಯೂನಿಂಗ್ ಫೋರ್ಕನ್ನು ಮಂಡಿಗೆ ತಟ್ಟಿ, ಕಿವಿಗಿಟ್ಟು ಶ್ರುತಿ ಕೊಟ್ಟಳು. ಐವರೂ ಶುರು ಮಾಡಿದರು: ದುಂ ದುಬ ದುಂ, ದುಬ ದುಬ ದೂ. ಸ್ವಲ್ಪ ಹೊತ್ತು ನೋಡಿದ ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಸಂಗೀತದಲ್ಲಿ ಕರಗಿ ಹೋದಳೆಂದು ಅಣ್ಣ ಹಿಗ್ಗಿದ. ಹೊರಗೆ ಬಂದ ಮೇಲೆ ಗೊತ್ತಾಯಿತು, ಪಾಪ ಹುಡುಗಿಗೆ ಸಾಹಿತ್ಯ ಮರೆತುಹೋಯಿತು, ಹೇಗಾದರೂ ನೆನಪಿಗೆ ಬರಲಪ್ಪಾ ಎಂದು ದೇವರನ್ನು ಬೇಡುತ್ತಿದ್ದಳಂತೆ!

ಫ್ರಿಜ್ ಕೊಂಡ ಪ್ರಸಂಗವನ್ನು ಹೇಳದೇ ಬಿಟ್ಟರೆ ತಪ್ಪಾಗುತ್ತದೆ. ಯಾರಾದರೂ ಫ್ರಿಜ್ಜಿನಲ್ಲಿ ಏನು ನೋಡುತ್ತಾರೆ? ಅತ್ತಿಗೆ ಅಂಗಡಿಯಲ್ಲಿ ಒಂದೊಂದಕ್ಕೂ ಕಿವಿ ಹಚ್ಚಿ ನಿಂತಳು. ಅಂಗಡಿಯವನು ಅಣ್ಣನ ಕಡೆ ನೋಡಿದ, ಅಣ್ಣ ನನ್ನ ಕಡೆ, ನಾನು ಬಾಗಿಲ ಕಡೆ. ಕೊನೆಗೆ ತರಕಾರಿಯ ಡ್ರಾ ಸರಿಯಾಗಿ ಕೂರದ ಒಂದನ್ನು ಆರಿಸಿದಳು. ಅದರ ಗುಂಯ್‌ಗುಟ್ಟುವಿಕೆ ತನ್ನ ಶ್ರುತಿಗೆ ಹೊಂದುತ್ತದಂತೆ. ಅಂದಿನಿಂದ ಅಡುಗೆಮನೆಯಲ್ಲಿ ಅದು ತಂಬೂರಿ, ಒಳಗಿನ ಹಾಲು ಮೊಸರು ನೆಪಕ್ಕೆ.

ಅಮ್ಮನಿಗೂ ಅವಳಿಗೂ ನಡುವೆ ಭಾಷೆ ಎಂಬುದು ಇರಲೇ ಇಲ್ಲ. ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಾ ಕನ್ನಡದಲ್ಲೇ ಕತೆ ಹೇಳುತ್ತಿದ್ದಳು. ಅಲ್ಲೊಂದು ಇಲ್ಲೊಂದು ಮಾತು ಅತ್ತಿಗೆಗೆ ಅರ್ಥವಾಗುತ್ತಿತ್ತು, ಉಳಿದದ್ದನ್ನು ಅಮ್ಮನ ಕೈಗಳು ಹೇಳುತ್ತಿದ್ದವು. ಆದರೆ ಕತೆ ಕೇಳುವವರು ಹೂಂಗುಟ್ಟಬೇಕಲ್ಲ? ಅತ್ತಿಗೆ ಶ್ಶುಪ್ ಎಂದಾಗಲೆಲ್ಲ ಅಮ್ಮ ಬೆಚ್ಚಿ ಕತೆ ನಿಲ್ಲಿಸುತ್ತಿದ್ದಳು. ಕಡೆಗೊಂದು ದಿನ ಪಾಠವೇ ಮಾಡಿದಳು. "ಒಳಗೆ ಎಳ್ಕೊಂಡ್ರೆ ಅದು ಗಾಬರಿ ಕಣಮ್ಮ. ಹೊರಗೆ ಬಿಟ್ರೆ ಹೂಂ. ಎಲ್ಲಿ, ಬಿಡು ನೋಡೋಣ." ಅತ್ತಿಗೆ ಫ್ರಿಜ್ಜಿನ ಕಡೆ ಒಮ್ಮೆ ಕಿವಿಗೊಟ್ಟು, ಅದೇ ಶ್ರುತಿಯಲ್ಲಿ ಹೂಂ ಎಂದಳು. ಅಂಥ ಹೂಂ ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ.

ಮರು ಬೇಸಿಗೆಗೆ ಅಮ್ಮ ಮತ್ತೆ ಬರುವ ಹೊತ್ತಿಗೆ ಆ ದನಿಗೇ ಕುತ್ತು ಬಂದಿತ್ತು.

ಅವರ ತಂಡಕ್ಕೆ ಅದುವರೆಗೆ ಸಿಗದಿದ್ದ ಅವಕಾಶ ಸಿಕ್ಕಿತ್ತು. ಚಳಿಗಾಲಕ್ಕೆ ಮುಂಚೆ ನಾಲ್ಕು ದೇಶಗಳ ಪ್ರವಾಸ, ದೊಡ್ಡ ಸಭಾಂಗಣಗಳು. ಅಷ್ಟರಲ್ಲಿ ಅತ್ತಿಗೆಯ ದನಿ ಒಡೆಯತೊಡಗಿತು. ಗಂಟಲಿನ ಧ್ವನಿತಂತುವಿನ ಮೇಲೆ ಪುಟ್ಟದೊಂದು ಗಂಟು. ಅದನ್ನು ತೆಗೆದ ಡಾಕ್ಟರು ಕೆಲವು ದಿನ ಮಾತು ಬೇಡ, ಪಿಸುಮಾತು ಬೇಡ, ಗುನುಗುವುದಂತೂ ಬೇಡವೇ ಬೇಡ ಎಂದರು. ಶ್ಶುಪ್ಪಿಗೂ ಅಪ್ಪಣೆ ಇಲ್ಲ!

ಅವಳು ಫೋನಿನಲ್ಲಿ ಒತ್ತಿದ್ದನ್ನು ಫೋನೇ ಓದಿ ಹೇಳುತ್ತಿತ್ತು, ಅದೂ ಗಡುಸಾದ ಗಂಡುದನಿಯ ಸ್ವೀಡಿಷ್‌ನಲ್ಲಿ. ಅದನ್ನು ಮೊದಲ ಸಲ ಕೇಳಿದ ಅಮ್ಮ ಸೆರಗು ಸರಿಮಾಡಿಕೊಂಡು, ಬಂದವರಿಗೆ ಕಾಫಿ ಇಡಲೇ ಎಂದು ನನ್ನನ್ನು ಕೇಳಿದಳು. ಅತ್ತಿಗೆ ಸದ್ದಿಲ್ಲದೆ ಭುಜ ಕುಣಿಸಿ ನಕ್ಕಳು. ಆಮೇಲೆ ನಗುವುದನ್ನೂ ಬಿಟ್ಟಳು. ಅಮ್ಮನ ಕತೆಗಳಿಗೆ ಹೂಂಗುಟ್ಟುವ ಕೆಲಸ ನನ್ನ ಕೊರಳಿಗೆ ಬಿತ್ತು.

ನಿಜವಾದ ಗಾಬರಿ ಶುರುವಾದದ್ದು ಮೌನದ ಗಡುವು ಮುಗಿದ ಮೇಲೆ. ಗಂಟಲು ಚೊಕ್ಕಟವಾಗಿದೆ, ಮೆಲ್ಲಗೆ ಗುನುಗಿ ನೋಡು ಎಂದರು ಡಾಕ್ಟರು. ಅವಳು ಗುನುಗಲಿಲ್ಲ. ಮನೆಗೆ ಬಂದಳು, ಆಗಲೂ ಇಲ್ಲ. ಒಂದು ದಿನ ಅವರ ಅಡುಗೆಮನೆಯಲ್ಲಿ ಚಮಚ ಹುಡುಕಲು ಡ್ರಾ ಎಳೆದರೆ, ತಿನ್ನುವ ಫೋರ್ಕುಗಳ ನಡುವೆ ಅವಳ ಟ್ಯೂನಿಂಗ್ ಫೋರ್ಕ್ ಬಿದ್ದಿತ್ತು. ಚಮಚ ತೆಗೆದುಕೊಳ್ಳದೆಯೇ ಡ್ರಾ ಮುಚ್ಚಿದೆ. ತಂಡದವರು ತಾತ್ಕಾಲಿಕವಾಗಿ ಇನ್ನೊಬ್ಬಳನ್ನು ಕರೆಸಿಕೊಂಡಿದ್ದರು. ಸ್ವೀಡನ್ನಿನವರು ನಯವಾಗಿಯೇ ಹೇಳುತ್ತಾರೆ: ಅವಸರವೇನಿಲ್ಲ, ಪ್ರವಾಸಕ್ಕೆ ಬರುತ್ತೀಯೋ ಇಲ್ಲವೋ ಶುಕ್ರವಾರದೊಳಗೆ ತಿಳಿಸಿದರೆ ಸಾಕು. ಯಾಕೆ ಪ್ರಯತ್ನ ಮಾಡುತ್ತಿಲ್ಲ ಎಂದು ಅಣ್ಣ ಅವಳನ್ನು ಕೇಳಿಯೇಬಿಟ್ಟ. ಅವಳು ಫೋನು ಒತ್ತಿದಳು. ಆ ಗಡುಸು ಗಂಡಸು ಯಾವ ಭಾವವೂ ಇಲ್ಲದೆ ಹೇಳಿದ: "ಬಾಯಿ ಬಿಟ್ಟು ನೋಡಿ ದನಿ ಬರದಿದ್ದರೆ ಏನು ಮಾಡಲಿ?"

ಗುರುವಾರ ಮಧ್ಯಾಹ್ನ ನಾನು ಆಫೀಸಿನಿಂದ ಬೇಗ ಹೊರಟು ಅಣ್ಣನ ಮನೆಗೆ ಹೋದೆ. ಅಣ್ಣ ಪಾತ್ರೆ ತೊಳೆಯುತ್ತಿದ್ದ. ಅಮ್ಮ ಎಂದಿನಂತೆ ಬೆಳ್ಳುಳ್ಳಿ ಹರಡಿಕೊಂಡು, ತನ್ನ ಚಿಕ್ಕಮ್ಮ ಬಸ್ಸಿನಿಂದ ಬೇರೆಯವರ ಟ್ರಂಕು ಇಳಿಸಿಕೊಂಡು ಬಂದ ಕತೆ ಹೇಳುತ್ತಿದ್ದಳು. ನಾವೆಲ್ಲ ಬಾಯಿಪಾಠ ಮಾಡಿರುವ ಕತೆ. ಅತ್ತಿಗೆ ಎದುರಿಗೆ ಕೂತು ಸಿಪ್ಪೆ ಒಟ್ಟುಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಆಗಾಗ ಹೂಂಗುಟ್ಟುತ್ತಿದ್ದೆ.

"ಮನೆಗೆ ತಂದು, ಬೀಗ ಒಡೆಸಿ, ಮುಚ್ಚಳ ತೆಗೀತಾಳೆ..." ಎಂದು ಅಮ್ಮ ನಿಲ್ಲಿಸಿದಳು.

ನಾನು ಹೂಂ ಎನ್ನಲು ಬಾಯಿ ತೆರೆದೆ. ಮೇಜಿನ ಕೆಳಗೆ ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದಳು. ನಾನು ಬಾಯಿ ಮುಚ್ಚಿದೆ. ಅಮ್ಮ ತಲೆ ತಗ್ಗಿಸಿ ಬೆಳ್ಳುಳ್ಳಿಯ ಎಸಳನ್ನೇ ನೋಡುತ್ತಾ ಕೂತಳು, ಟ್ರಂಕಿನ ಮುಚ್ಚಳ ತೆರೆಯಲು ಯಾರದೋ ಅಪ್ಪಣೆಗೆ ಕಾಯುವವಳಂತೆ. ಅಣ್ಣ ನಲ್ಲಿ ನಿಲ್ಲಿಸಿದ. ಫ್ರಿಜ್ ಒಂದೇ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಅತ್ತಿಗೆ ಸಿಪ್ಪೆಯನ್ನು ಬದಿಗೆ ಸರಿಸಿ ಫ್ರಿಜ್ಜಿನ ಕಡೆ ತಿರುಗಿದಳು. ಇದೇನು ಮಾಡಿಬಿಟ್ಟಳು ಅಮ್ಮ, ದನಿ ಬರದಿದ್ದರೆ ಏನು ಗತಿ?

"ಹೂಂ."

ಸಣ್ಣದು, ತುಸು ಒರಟು. ಆದರೆ ಹೊರಗೆ ಬಿಟ್ಟ ಹೂಂ. ಫ್ರಿಜ್ಜಿನ ಶ್ರುತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅಮ್ಮ ತಲೆ ಎತ್ತಲಿಲ್ಲ. ನನ್ನ ಕೈ ಬಿಟ್ಟು ಇನ್ನೊಂದು ಎಸಳು ತೆಗೆದುಕೊಂಡಳು. "ಮುಚ್ಚಳ ತೆಗೆದ್ರೆ, ಒಳಗೆ ಬರೀ ಗೆಜ್ಜೆ ಕಣಮ್ಮ, ನಾಟಕದವರದ್ದು," ಎಂದಳು. ಅವಳ ದನಿಯೇ ಒಡೆದಿತ್ತು. ನಾನು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ನನಗೇನೂ ಬೇಕಿರಲಿಲ್ಲ. ಹಾಲು ಮೊಸರಿನ ಮುಂದೆ ಮುಖವಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಬೆನ್ನ ಹಿಂದೆ ಕತೆ ಸಾಗುತ್ತಲೇ ಇತ್ತು, ಹೂಂ ಬರುತ್ತಲೇ ಇತ್ತು.