ಹೆಚ್ಚಾದ ಕಲ್ಲು

ತೋಟದ ಬಂಗಲೆಯ ಸುತ್ತ ಒಡತಿಯ ಮುತ್ತಜ್ಜ ಕಟ್ಟಿಸಿದ ಗೋಡೆಯಿಂದ ನಾಲ್ಕು ಕಲ್ಲು ಕಾಣೆಯಾಗಿದ್ದವು. ಗೋಡೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಒಡತಿಗೆ ಅನುಮಾನವಿದ್ದದ್ದು ಕಾವಲುಗಾರನ ಮೇಲೆ.

“ಇನ್ನೊಂದು ಕಲ್ಲು ಹೋದ್ರೆ ಅದರ ಹಿಂದೇನೇ ನೀನೂ ಹೋಗ್ತೀಯ,” ಎಂದು ಎಚ್ಚರಿಸಿದ್ದರು.

ಹಾಗಾಗಿ, ಒಂದು ದಿನದ ರಜೆ ಮುಗಿಸಿ ಬೆಳಿಗ್ಗೆ ಬಂದವನು ಗೇಟಿನ ಎಡಗಡೆಯ ಕಲ್ಲುಕಂಬವೇ ಇಲ್ಲದ್ದು ಕಂಡು “ಅಯ್ಯೋ, ನನ್ನ ಕೆಲಸ ಹೋಯ್ತು!” ಎಂದು ಕೂಗಿದ. ಕಂಬದ ಕಲ್ಲುಗಳೆಲ್ಲ ರಿಪೇರಿಗೆ ಬಿಚ್ಚಿದ ಗಡಿಯಾರದಂತೆ ಹುಲ್ಲಿನ ಮೇಲೆ ಹರಡಿದ್ದವು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ನಂಬರು.

ಹಾಲಿನವನು ಸೈಕಲ್ಲಿನಿಂದ ಇಳಿದ. “ಕಳ್ಳರ ಕೆಲಸ ಕಣಣ್ಣ. ನಂಬರ್ ಹಾಕಿಟ್ಟಿದ್ದಾರೆ ಅಂದ್ರೆ ಗಿರಾಕಿ ಸಿಕ್ಕಿದ್ದಾನೆ. ಇನ್ನು ಲಾರಿ ಬರೋದೊಂದೇ ಬಾಕಿ.”

ಎದುರಂಗಡಿಯ ಕ್ಷೌರಿಕ ಕತ್ತರಿ ಹಿಡಿದೇ ಓಡಿಬಂದ. “ನಂಬರ್ ಅಳಿಸಿಬಿಡು ಮಾರಾಯ. ಹೇಗೆ ಜೋಡಿಸೋದು ಅಂತ ಗೊತ್ತಾಗ್ದೆ ಇದ್ರೆ ಯಾರು ತಗೋತಾರೆ?”

ಮಾತು ಸರಿಯೆನಿಸಿತು. ಮೂವರೂ ಸೇರಿ ಕಲ್ಲುಗಳನ್ನು ಎಮ್ಮೆ ತೊಳೆದಂತೆ ತೊಳೆದರು.

ಕೊನೆಯ ಕಲ್ಲು ತೊಳೆಯುವಾಗ ಮೇಸ್ತ್ರಿ ಸುಣ್ಣದ ಮೂಟೆ ಹೊತ್ತು ಬಂದ. “ವಾಲಿದ ಕಂಬ ನೆಟ್ಟಗೆ ಮಾಡು ಅಂತ ಅಮ್ಮಾವ್ರು ಹೇಳಿದ್ರು. ನಿನ್ನೆ ಒಂದೊಂದಕ್ಕೂ ನಂಬರ್ ಹಾಕಿ ಇಳಿಸಿದ್ದೆ...” ಒದ್ದೆ ಕಲ್ಲೊಂದನ್ನು ಹೊರಳಿಸಿ ನೋಡಿದ. “ನಂಬರ್ ಎಲ್ರಯ್ಯಾ?”

ಹಾಲಿನವನಿಗೆ ಹಾಲು ನೆನಪಾಯಿತು, ಕ್ಷೌರಿಕನಿಗೆ ಗಿರಾಕಿ.

ಪೇಟೆಗೆ ಹೋಗಿದ್ದ ಒಡತಿ ಸಂಜೆ ಬರುವುದರೊಳಗೆ ಕಂಬ ಏಳಬೇಕಿತ್ತು. “ಚಪ್ಪಟೆ ಕಲ್ಲು ಮೇಲಿತ್ತು,” “ಅಲ್ಲ, ಕೆಳಗಿತ್ತು,” ಎಂದು ಜಗಳವಾಡುತ್ತಲೇ ಮೇಸ್ತ್ರಿಯೂ ಕಾವಲುಗಾರನೂ ಕಟ್ಟಿದರು. ಕಂಬ ನೆಟ್ಟಗೇ ನಿಂತಿತು. ಆದರೆ ಒಂದು ಕಲ್ಲು ಉಳಿಯಿತು.

“ಇದನ್ನ ನೋಡಿದ್ರೆ ಇಬ್ರಿಗೂ ಗೇಟ್‌ಪಾಸೇ,” ಎಂದ ಮೇಸ್ತ್ರಿ.

ದೂರದಲ್ಲಿ ಕಾರಿನ ಸದ್ದು. ಕಾವಲುಗಾರ ಕಲ್ಲೆತ್ತಿಕೊಂಡು ಓಡಿ, ಗೋಡೆಯ ಒಂದು ಖಾಲಿ ಜಾಗಕ್ಕೆ ತುರುಕಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಒಡತಿ ಇಳಿದು ಕಂಬ ನೋಡಿದರು, ತಲೆದೂಗಿದರು. ಗೋಡೆ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

“ಹೋದ ಕಲ್ಲು ವಾಪಸ್ ಬಂದಿದೆ!”

“ಅಮ್ಮಾ, ಅದು...”

“ನನಗೆ ಆಗ್ಲೇ ಗೊತ್ತಿತ್ತು, ಕದ್ದವನು ನೀನೇ ಅಂತ. ಹೆದರ್ಕೊಂಡು ಒಂದು ತಂದಿಟ್ಟಿದ್ದೀಯ. ಉಳಿದ ಮೂರೂ ನಾಳೆ ಸಂಜೆಯೊಳಗೆ ಬರ್ಬೇಕು. ಇಲ್ಲಾಂದ್ರೆ ಪೊಲೀಸ್ರನ್ನ ಕರೀತೀನಿ.”

ಕಾರು ಒಳಗೆ ಹೋಯಿತು. ಕಾವಲುಗಾರ ಗೋಡೆಯಲ್ಲಿ ಉಳಿದ ಮೂರು ಖಾಲಿ ಜಾಗಗಳನ್ನು ಎಣಿಸಿದ. ಆಮೇಲೆ ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಗೇಟಿನ ಆಚೆ ಬದಿ ನೋಡಿದ.

“ಮೇಸ್ತ್ರಿ, ಆ ಬಲಗಡೆ ಕಂಬಾನೂ ಸ್ವಲ್ಪ ವಾಲಿದೆ, ಅಲ್ವಾ?”