ಅಜ್ಜಂಪುರಕ್ಕೆ ಎತ್ತಿದ ಕೈ

ಪಾಠ ಹೇಳುವವರಿಗೆ ಒಂದು ಅನುಕೂಲವಿದೆ. ಹೇಳಿದ್ದು ನಮ್ಮ ತಲೆಗೆ ಹತ್ತಿದೆಯೇ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ನಾನು ಕಡೂರಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಅಮೆರಿಕದ ಸಣ್ಣ ಪಕ್ಷಗಳ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ಅಲ್ಲಿ ಆನೆಯ ಗುರುತಿನ ಪಕ್ಷ ಒಂದು, ಕತ್ತೆಯ ಗುರುತಿನದು ಇನ್ನೊಂದು. ಇವೆರಡರ ಮಧ್ಯೆ ಪರಿಸರ ಉಳಿಸಿ ಎನ್ನುವವರು, ಸರ್ಕಾರದ ಕಾಟವೇ ಬೇಡ ಎನ್ನುವವರು ಅಧ್ಯಕ್ಷ ಪದವಿಗೆ ನಿಲ್ಲುತ್ತಾರೆ, ಸೋಲುತ್ತಾರೆ. ಸೋತರೆ ಹೋಗಲಿ, ತಮಗೆ ಹತ್ತಿರವಾದವರ ಓಟನ್ನೇ ಕಿತ್ತುಕೊಂಡು, ಆಗದವರನ್ನು ಗೆಲ್ಲಿಸಿಬಿಡುವುದೂ ಉಂಟು. "ಇಷ್ಟು ಸರಳ ಲೆಕ್ಕ ಗೊತ್ತಾಗಲ್ವೇನ್ರೋ ಅವರಿಗೆ?" ಎಂದರೆ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಮನೆಯಲ್ಲಿ ನಾನು ಗಟ್ಟಿಯಾಗಿ ಓದಿಕೊಳ್ಳುವುದರಿಂದ ಈ ಪಾಠ ಅಮ್ಮನಿಗೂ ಬಾಯಿಗೆ ಬಂದಿದೆ.

ಇಂಥ ನಮ್ಮ ಮನೆಯಲ್ಲಿ ಅಕ್ಕನ ಮಗಳ ಮದುವೆ ಗೊತ್ತಾಯಿತು. ಛತ್ರ ಎಲ್ಲಿ ಎನ್ನುವುದೇ ಜಗಳ. ಬೀಗರು ತರೀಕೆರೆಯವರು, ಅವರನ್ನು ಮೆಚ್ಚಿಸಲು ಬಾವನಿಗೆ ತರೀಕೆರೆಯೇ ಆಗಬೇಕು. ಆದರೆ ಅಲ್ಲಿ ಧಾರೆ ನಡೆಯುವುದು ಮಹಡಿಯ ಮೇಲೆ, ಲಿಫ್ಟ್ ಇಲ್ಲ. ಅಮ್ಮನಿಗೋ ವಿಪರೀತ ಮಂಡಿನೋವು. ಮೊಮ್ಮಗಳ ಧಾರೆ ಕಣ್ಣಾರೆ ನೋಡಬೇಕೆನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯಿಲ್ಲ. ಅದಕ್ಕೇ ಅಕ್ಕ, ಮೆಟ್ಟಿಲಿಲ್ಲದ ಕಡೂರಿನ ಛತ್ರವೇ ಆಗಲಿ ಎಂದು ಪಟ್ಟು ಹಿಡಿದಳು. ಮಾತು ಬಗೆಹರಿಯದಿದ್ದರೆ ಊಟವಾದ ಮೇಲೆ ಬಂದ ನೆಂಟರನ್ನೂ ಸೇರಿಸಿ ಚಾಪೆ ಹಾಸಿಕೊಂಡು, ಕೈ ಎತ್ತಿಸಿ ತೀರ್ಮಾನಿಸುವುದು ನಮ್ಮ ಮನೆಯ ಪದ್ಧತಿ. ಅದನ್ನು ತಂದ ಪುಣ್ಯಾತ್ಮ ನಾನೇ.

ನಾನು ತೆಪ್ಪಗೆ ಕಡೂರಿಗೆ ಕೈ ಎತ್ತಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಕ್ಕ, ಬಾವ ಇಬ್ಬರೂ ಮುಖ ಊದಿಸಿಕೊಂಡು ಕೂತದ್ದನ್ನು ನೋಡಲಾಗಲಿಲ್ಲ. ಎದ್ದು ನಿಂತೆ. "ಎರಡೂ ಬೇಡ, ಅಜ್ಜಂಪುರದಲ್ಲಿ ಮಾಡೋಣ. ಯಾರಿಗೂ ಬೇಜಾರಿಲ್ಲ, ಅಲ್ಲೂ ಮೆಟ್ಟಿಲಿಲ್ಲ. ಅಲ್ಲಿಯ ಭಟ್ಟರ ಒಬ್ಬಟ್ಟು ತಿಂದವರು ಜನ್ಮದಲ್ಲಿ ಮರೆಯಲ್ಲ" ಎಂದು ಭಾಷಣವನ್ನೇ ಬಿಗಿದೆ. ಅಜ್ಜಂಪುರ ನನ್ನ ಹೆಂಡತಿಯ ತವರು, ಅವಳ ಓಟಂತೂ ಎಲ್ಲಿಗೂ ಹೋಗುವುದಿಲ್ಲವೆಂಬ ಧೈರ್ಯ ಬೇರೆ.

ಅವಳು ಕಡೂರಿಗೆ ಕೈ ಎತ್ತಿದಳು! ನಾನು ಬಾಯಿ ಬಿಟ್ಟುಕೊಂಡು ನೋಡಿದರೆ, "ನಮ್ಮೂರಲ್ಲಿ ಮದ್ವೆ ಆದ್ರೆ ನೆಂಟ್ರೆಲ್ಲ ಬಂದು ನನ್ ತಲೆ ಮೇಲೆ ಕೂತ್ಕೋತಾರೆ ಕಣ್ರೀ" ಎಂದಳು.

ಅಜ್ಜಂಪುರಕ್ಕೆ ಎದ್ದದ್ದು ಎರಡೇ ಕೈ. ಒಂದು ನನ್ನದು. ಇನ್ನೊಂದು ಯಾರದೆಂದು ತಿರುಗಿ ನೋಡಿದೆ. ಅಮ್ಮನದು! ಒಂದೇ ಒಂದು ಕೈ ಹೆಚ್ಚಾಗಿ ತರೀಕೆರೆ ಗೆದ್ದುಬಿಟ್ಟಿತ್ತು.

"ಅಯ್ಯೋ ಅಮ್ಮಾ, ನೀನ್ಯಾಕೆ ಕಡೂರಿಗೆ ಎತ್ತಲಿಲ್ಲ?" ಎಂದು ಕೂಗಿಯೇಬಿಟ್ಟೆ.

"ನಿಮ್ಮಕ್ಕನ ಕಡೆ ಜನ ಇದ್ರು ಕಣೋ. ನೀನು ಅಷ್ಟೊತ್ತು ನಿಂತ್ಕೊಂಡು ಮಾತಾಡ್ದೆ. ಒಬ್ರೂ ಕೈ ಎತ್ಲಿಲ್ಲ ಅಂದ್ರೆ ನಿನ್ ಮರ್ಯಾದೆ ಏನಾಗ್ಬೇಕು? ಪಾಪ ಅನ್ನಿಸ್ತು, ಎತ್ಬಿಟ್ಟೆ."

ಇಂಥ ಓಟೂ ಒಂದಿದೆ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಷ್ಟರಲ್ಲಿ ಬಾವ ಹೆಗಲು ತಟ್ಟಿ, "ಅಡುಗೆಗೆ ಮಾತ್ರ ಆ ಅಜ್ಜಂಪುರದ ಭಟ್ಟರನ್ನೇ ಕರೆಸ್ತೀನಿ ಕಣಯ್ಯಾ, ಹೇಳಿದ್ದು ಒಳ್ಳೇದಾಯ್ತು" ಎಂದರು. ಸೋತ ಸಣ್ಣ ಪಕ್ಷದ ಒಳ್ಳೆಯ ಮಾತುಗಳನ್ನು ಗೆದ್ದ ದೊಡ್ಡ ಪಕ್ಷ ತನ್ನದಾಗಿಸಿಕೊಳ್ಳುತ್ತದೆ ಎಂಬುದೂ ನನ್ನ ಪಾಠದಲ್ಲೇ ಇದೆ. ನನ್ನ ಮನೆಯಲ್ಲೇ, ನನ್ನ ಎದುರಿಗೇ ನಡೆಯುತ್ತದೆ ಎಂದುಕೊಂಡಿರಲಿಲ್ಲ.

ಮದುವೆಯ ದಿನ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾನೂ ಬಾವನೂ ಹೊತ್ತುಕೊಂಡು ಮಹಡಿ ಹತ್ತಿದೆವು. ಮುಹೂರ್ತಕ್ಕೆ ಇನ್ನೂ ಸಮಯವಿತ್ತು, ಅಷ್ಟು ಪುಣ್ಯ. ಅರ್ಧ ದಾರಿಯಲ್ಲಿ ಕುರ್ಚಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಾಗ ಅಮ್ಮ ನನ್ನ ಬೆವರು ತುಂಬಿದ ಹಣೆಯನ್ನು ಸೆರಗಿನಿಂದ ಒರೆಸಿ ಕೇಳಿದಳು:

"ಅಲ್ಲ ಕಣೋ, ಸೋಲ್ತಾರೆ ಅಂತ ಗೊತ್ತಿದ್ರೂ ಆ ಅಮೆರಿಕದ ಸಣ್ಣ ಪಕ್ಷದೋರಿಗೆ ಓಟು ಹಾಕೋರು ಯಾರೋ?"

"ಅವರ ಅಮ್ಮಂದಿರೇ ಇರಬೇಕು ಕಣಮ್ಮಾ" ಎಂದು ಏದುಸಿರು ಬಿಡುತ್ತಾ ಮತ್ತೆ ಕುರ್ಚಿಗೆ ಕೈ ಹಾಕಿದೆ.